ರಂಗಸಜ್ಜಿಕೆ: ಒಂದು ದಿನದ ಖರ್ಚೋ, ಹಲವು ವರ್ಷಗಳ ಆಸ್ತಿಯೋ?

1884ರಲ್ಲಿ ಸ್ಥಾಪನೆಯಾದ ಗುಬ್ಬಿ ನಾಟಕ ಕಂಪನಿಯು ತನ್ನ ಪರದೆ, ಸೀನರಿ, ಉಡುಪುಗಳನ್ನು ಊರಿಂದ ಊರಿಗೆ ಸಾಗಿಸಿ ಮತ್ತೆ ಮತ್ತೆ ಬಳಸುತ್ತಿತ್ತು. ಪರಿಸರದ ಮಾತು ಆಗ ಇರಲಿಲ್ಲ. ಹೂಡಿದ ಬಂಡವಾಳ ಉಳಿಯಬೇಕೆಂಬ ವಿವೇಕವಿತ್ತು. ಇಂದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರದಂತಹ ಬಡಾವಣೆಗಳ ಹವ್ಯಾಸಿ ತಂಡವೊಂದು ಎರಡು ಪ್ರದರ್ಶನಗಳಿಗೆಂದು ಪ್ಲೈವುಡ್ ಸಜ್ಜಿಕೆ ಕಟ್ಟಿಸಿದರೆ, ಅದನ್ನು ಇರಿಸಲು ಸ್ಥಳವಿಲ್ಲದೆ ಕಡೆಗೆ ಗುಜರಿಗೆ ಹಾಕಬೇಕಾಗುತ್ತದೆ. ಅಲಂಕಾರದ ಥರ್ಮೋಕೋಲ್ ಅಂತೂ 2022ರ ಜುಲೈ 1ರಿಂದ ದೇಶಾದ್ಯಂತ ನಿಷಿದ್ಧ.

ತೆರಿಗೆಯ ಪೆಟ್ಟು ಬೇರೆ. ಪ್ರವೇಶದರ ತಲಾ 500 ರೂ. ಮೀರದ ನಾಟಕಕ್ಕೆ ಜಿ.ಎಸ್.ಟಿ. ವಿನಾಯಿತಿಯಿದೆ, ನಿಜ, ಆದರೆ ಆ ಕಾರಣಕ್ಕಾಗಿಯೇ ಹಲಗೆ, ಬಣ್ಣ, ಬಟ್ಟೆಗಳ ಮೇಲೆ ತೆತ್ತ ತೆರಿಗೆಯು ಜಮೆಯಾಗಿ ಹಿಂದಿರುಗದು. ಎಸೆದ ಪ್ರತಿ ಹಲಗೆಯೊಡನೆ ತೆರಿಗೆಯನ್ನೂ ಎಸೆದಂತೆ.

ಷಾಮಿಯಾನ ಬಾಡಿಗೆಯವರ ಕ್ರಮವೇ ಇಲ್ಲಿಗೂ ಒಪ್ಪುತ್ತದೆ. ಯಶವಂತಪುರಕ್ಕೆ ಹೊಂದಿಕೊಂಡಿರುವ ಪೀಣ್ಯದ ಸಣ್ಣ ಘಟಕಗಳು ಬೋಲ್ಟು ಬಿಗಿದು ಬಿಚ್ಚಬಹುದಾದ 8×4 ಅಡಿಯ ಕಬ್ಬಿಣದ ಚೌಕಟ್ಟುಗಳನ್ನು ತಯಾರಿಸಿ ಬಾಡಿಗೆಗೆ ಕೊಡಬಹುದು. ಎಲ್ಲ ನಾಟಕಗಳೂ ಒಂದೇ ತೆರನಾಗಿ ಕಾಣುವುವೆಂಬ ನಿರ್ದೇಶಕರ ಆಕ್ಷೇಪ ಪೂರ್ಣ ಸರಿಯಲ್ಲ. ಹೊದಿಸುವ ಬಟ್ಟೆ, ಬಣ್ಣ ಬದಲಾಗುತ್ತವೆ, ಒಳಗಿನ ಅಸ್ಥಿಪಂಜರ ಬದಲಾಗಬೇಕಿಲ್ಲ. ದೀಪಗಳ ಲೆಕ್ಕ ಇನ್ನೂ ಸರಳ: 1000 ವಾಟ್‌ನ 20 ಹಳೆಯ ದೀಪಗಳು ಪೂರ್ಣ ಪ್ರಖರತೆಯಲ್ಲಿ ಮೂರು ಗಂಟೆ ಉರಿದರೆ 60 ಯೂನಿಟ್; 200 ವಾಟ್‌ನ ಎಲ್‌ಇಡಿಗಳಾದರೆ 12.

ಬಾಡಿಗೆಗೆ ಇಳಿಯುವವರು ಠೇವಣಿಯನ್ನೂ ಹಾನಿಯ ಹೊಣೆಯನ್ನೂ ಮೊದಲೇ ಲಿಖಿತವಾಗಿ ಗೊತ್ತುಪಡಿಸಿಕೊಳ್ಳಬೇಕು. ರಂಗಭೂಮಿಯಲ್ಲಿ ಬಾಯಿಮಾತಿನ ವ್ಯವಹಾರವೇ ಹೆಚ್ಚು.