ಹೆತ್ತವಳ ಮೇಲೆ ಯಾಕೆ ಹೊರಿಸುತ್ತೀರಿ?

ಇಪ್ಪತ್ತರ ಹುಡುಗ. ಕಾಲೇಜು ಬಿಟ್ಟು ಕೋಣೆ ಹಿಡಿದಿದ್ದಾನೆ. ಯಾರೋ ಕಿವಿಯಲ್ಲಿ ಮಾತಾಡ್ತಾರೆ ಅಂತಾನೆ, ಅನ್ನಕ್ಕೆ ವಿಷ ಹಾಕಿದ್ದಾರೆ ಅಂತಾನೆ. ಇಂಥ ಮನೆಯಲ್ಲಿ ಮೊದಲು ಬೆರಳು ತೋರಿಸುವುದು ಉಮ್ಮನ ಕಡೆಗೆ. ‘ಬಸುರಿಯಾಗಿದ್ದಾಗ ಮಗ್ರಿಬ್ ಹೊತ್ತಲ್ಲಿ ಹೊಳೆ ಕಡೆ ಹೋಗಿದ್ದಳು, ಜಿನ್ನ್ ತಾಗಿದೆ’ ಎನ್ನುತ್ತಾರೆ ಒಬ್ಬರು. ‘ಅವಳ ತವರಿನಲ್ಲೇ ಈ ಹುಚ್ಚು ಇದೆ’ ಎನ್ನುತ್ತಾರೆ ಇನ್ನೊಬ್ಬರು.

ವೈದ್ಯರು ಇದಕ್ಕೆ ಸ್ಕಿಜೋಫ್ರೇನಿಯಾ ಎನ್ನುತ್ತಾರೆ. ಹೆಚ್ಚುಕಡಿಮೆ ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ರಕ್ತಸಂಬಂಧದಲ್ಲಿ ಇಳಿದು ಬರುತ್ತದೆ ಎನ್ನುವುದು ಸುಳ್ಳಲ್ಲ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು. ಅಂದರೆ ತೊಂಬತ್ತು ಮಕ್ಕಳಿಗೆ ಬರುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬನಿಗೆ ಬಂದರೂ ಇನ್ನೊಬ್ಬನಿಗೆ ಬರುವುದು ಹೆಚ್ಚೆಂದರೆ ಅರ್ಧಕ್ಕರ್ಧ. ಇದಕ್ಕೆ ಕಾರಣವಾಗುವ ಜೀನ್‌ಗಳು ಒಂದೆರಡಲ್ಲ, ನೂರಾರು. ಅವು ಬಾಪನಿಂದಲೂ ಬರುತ್ತವೆ. ಬಾಪನ ವಯಸ್ಸು ತುಂಬಾ ಹೆಚ್ಚಿದ್ದರೂ ಅಪಾಯ ಸ್ವಲ್ಪ ಏರುತ್ತದಂತೆ. ಇದನ್ನು ನಮ್ಮ ಪಂಚಾಯಿತಿಗಳಲ್ಲಿ ಯಾರೂ ಎತ್ತುವುದಿಲ್ಲ ನೋಡಿ!

ಗರ್ಭದ ಕಾಲವೂ ಮುಖ್ಯ. ಎರಡನೇ ಮಹಾಯುದ್ಧದಲ್ಲಿ, 1944-45ರ ಚಳಿಗಾಲಕ್ಕೆ ಹಾಲೆಂಡಿನಲ್ಲಿ ಕ್ಷಾಮ ಬಿತ್ತು. ಆ ಹಸಿವಿನ ತಿಂಗಳುಗಳಲ್ಲಿ ಗರ್ಭದಲ್ಲಿ ರೂಪುಗೊಂಡವರಲ್ಲಿ ಮುಂದೆ ಈ ಕಾಯಿಲೆ ಸುಮಾರು ಎರಡು ಪಟ್ಟು ಕಂಡಿತು. ಬಸುರಿಗೆ ಜೋರಾದ ಸೋಂಕು, ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟುವುದು, ಇವೂ ಅಪಾಯ ಹೆಚ್ಚಿಸುತ್ತವೆ. ಇದರಲ್ಲಿ ತಾಯಿಯ ತಪ್ಪು ಯಾವುದು? ಸೊಸೆಗೆ ಹೊಟ್ಟೆ ತುಂಬಾ ಊಟ ಸಿಕ್ಕಿತೇ, ತಿಂಗಳ ತಪಾಸಣೆಗೆ ಕರೆದುಕೊಂಡು ಹೋದರೇ ಎಂದು ಮನೆಯವರನ್ನು ಕೇಳಬೇಕು. ರಮಳಾನ್ ಉಪವಾಸವನ್ನು ಆ ಕ್ಷಾಮಕ್ಕೆ ಯಾರೂ ಹೋಲಿಸಬಾರದು, ಅದು ಬೇರೆ. ಆದರೂ ತನಗೋ ಮಗುವಿಗೋ ತೊಂದರೆಯಾದೀತೆಂಬ ಭಯವಿದ್ದರೆ ಗರ್ಭಿಣಿ ಉಪವಾಸ ಬಿಡಬಹುದು, ನಂತರ ಖಳಾ ವೀಟಬೇಕು. ಭಯ ಮಗುವಿನ ಬಗ್ಗೆ ಮಾತ್ರವಾದರೆ ದಿನಕ್ಕೊಂದು ಮುದ್ದ್ ಧಾನ್ಯವನ್ನೂ ಕೊಡಬೇಕು. ಶಾಫಿಈ ಮದ್‌ಹಬಿನಲ್ಲಿ ಇದು ಸ್ಪಷ್ಟ, ಅತ್ತೆಯಂದಿರ ಫತ್ವಾ ಬೇಕಾಗಿಲ್ಲ.

ಇನ್ನು ಮದುವೆ. ‘ನಿಕಾಹ್ ಆದರೆ ಸರಿಹೋಗ್ತಾನೆ’ ಎಂದು ಕಾಯಿಲೆ ಮುಚ್ಚಿಟ್ಟು ಹೆಣ್ಣು ತರುವವರಿದ್ದಾರೆ. ಬುದ್ಧಿಭ್ರಮಣೆ ನಿಕಾಹ್ ರದ್ದುಪಡಿಸಲು ಅವಕಾಶ ಕೊಡುವ ನ್ಯೂನತೆ ಎಂದು ನಮ್ಮ ಫಿಕ್ಹ್ ಹೇಳುತ್ತದೆ. ಮುಚ್ಚಿಟ್ಟರೆ ಅದು ಆ ಹೆಣ್ಣಿಗೆ ಮಾಡುವ ಮೋಸ. ಹಾಗೆಂದು, ಅಣ್ಣನಿಗೆ ಕಾಯಿಲೆ ಎಂದು ಆರೋಗ್ಯವಾಗಿರುವ ತಂಗಿಯ ಸಂಬಂಧ ಮುರಿಯುವುದೂ ಅನ್ಯಾಯವೇ. ಮನೆತನದಲ್ಲಿ ಕಾಯಿಲೆ ಇದ್ದರೆ ಹುಡುಗರನ್ನು ಗಾಂಜಾದಿಂದ ದೂರ ಇಡಿ. ಅಂಥವರಿಗೆ ಅದು ಬೆಂಕಿಗೆ ಎಣ್ಣೆ.

ಗಾಜನೂರಿನಿಂದ ಹೊಳೆಗುಂಟ ಮೇಲೆ ಹೋದರೆ ತೀರ್ಥಹಳ್ಳಿ. ಆ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳನ್ನು ಹುಡುಕಿ, ವರ್ಷಗಟ್ಟಲೆ ಜೊತೆಗಿದ್ದು ನೋಡಿಕೊಂಡಿದ್ದಾರೆ. ಮದ್ದು ತೆಗೆದುಕೊಂಡವರು ಒಂದು ವರ್ಷದಲ್ಲಿ ಕೆಲಸ-ಬದುಕಿನಲ್ಲಿ ಚೇತರಿಸಿಕೊಂಡರು, ಮದ್ದಿಲ್ಲದವರು ಇದ್ದಲ್ಲೇ ಉಳಿದರು ಎಂದು 2009ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ. ಆ ಮದ್ದು ಕುಡಿದು ಸುಧಾರಿಸಿದವರು ನಮ್ಮಂಥ ಹಳ್ಳಿಯವರೇ.

ದುಆ, ಮಂತ್ರಿಸಿದ ನೀರು ಬೇಡ ಎನ್ನುತ್ತಿಲ್ಲ. ನಾನೂ ಓದಿ ಊದುವವನೇ. ಚಿಕಿತ್ಸೆ ಮಾಡಿಸಿ ಎಂದವರೂ ನಮ್ಮ ನಬಿಯವರೇ ﷺ. ಹಾಗಾಗಿ ನೂಲು ಕಟ್ಟಿಸಲು ಬರುವವರು ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗದ ಚೀಟಿ ಮಾಡಿಸಿಕೊಂಡು ಬನ್ನಿ. ಹೋಗಲು ಹಿಂಜರಿಕೆಯಾದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಉಮ್ಮಂದಿರೂ ಮಾಡಬಹುದು.