ಮತದಾನದಲ್ಲಿ ಅಪ್ರಮಾದ

ಜೈನ ಸಿದ್ಧಾಂತದಲ್ಲಿ ಕಾಲದ ಅತಿ ಸೂಕ್ಷ್ಮವಾದ, ಇನ್ನು ವಿಭಜಿಸಲಾಗದ ಅಂಶಕ್ಕೆ ‘ಸಮಯ’ವೆಂದು ಹೆಸರು. ಕಣ್ಣೆವೆ ಇಕ್ಕುವಷ್ಟರಲ್ಲಿ ಇಂಥ ಅಸಂಖ್ಯಾತ ಸಮಯಗಳು ಸಂದುಹೋಗುತ್ತವೆ. ಉತ್ತರಾಧ್ಯಯನ ಸೂತ್ರದ ಹತ್ತನೆಯ ಅಧ್ಯಯನದಲ್ಲಿ ಭಗವಾನ್ ಮಹಾವೀರರು ಗೌತಮ ಗಣಧರರನ್ನು ಎಚ್ಚರಿಸುವುದು ಈ ಅಳತೆಯಿಂದಲೇ. ಗೌತಮರು ಭಗವಂತರ ಪ್ರಧಾನ ಶಿಷ್ಯರು. ಅಂಥವರಿಗೂ ಪ್ರಮಾದದ ವಿಷಯದಲ್ಲಿ ಪದೇ ಪದೇ ಎಚ್ಚರಿಕೆ ಬೇಕಾಯಿತೆಂದ ಮೇಲೆ, ‘ಬಿಸಿಲು ಇಳಿಯಲಿ, ಆಮೇಲೆ ಹೋದರಾಯಿತು’ ಎಂದು ಮತದಾನದ ದಿನ ಮನೆಯಲ್ಲಿ ಕುಳಿತ ಗೃಹಸ್ಥನಿಗೆ ಅದು ಬೇಡವೆನ್ನಲಾದೀತೇ?

ಪ್ರಮಾದವೆಂದರೆ ಕೇವಲ ಸೋಮಾರಿತನವಲ್ಲ. ಮಾಡಬೇಕಾದ ಸತ್ಕಾರ್ಯದಲ್ಲಿ ಆದರವಿಲ್ಲದಿರುವುದು ಅದರ ಲಕ್ಷಣ. ತತ್ತ್ವಾರ್ಥಸೂತ್ರವು ಅದನ್ನು ಕರ್ಮಬಂಧದ ಐದು ಕಾರಣಗಳಲ್ಲಿ ಎಣಿಸುತ್ತದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಅದರ ಹದಿನೈದು ಬಗೆಗಳನ್ನು ಹೇಳಿದ್ದಾರೆ: ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ ಮತ್ತು ಸ್ನೇಹ. ಆ ನಾಲ್ಕು ವಿಕಥೆಗಳಲ್ಲಿ ರಾಜಕಥೆಯೂ ಒಂದೆಂಬುದು ಇಲ್ಲಿ ಗಮನಾರ್ಹ. ಅರಸರ ಏಳುಬೀಳುಗಳನ್ನು, ಅಂದರೆ ಇಂದಿನ ಮಾತಿನಲ್ಲಿ ರಾಜಕೀಯವನ್ನು, ಹೊತ್ತು ಹೋಗದೆ ಹರಟುವುದೇ ರಾಜಕಥೆ. ತಿಂಗಳುಗಟ್ಟಲೆ ಮೊಬೈಲಿನಲ್ಲಿ ಪಕ್ಷಗಳ ಜಾತಕ ಬಿಡಿಸಿ, ಮತದಾನದ ದಿನ ಮಾತ್ರ ಮತಗಟ್ಟೆಯತ್ತ ಸುಳಿಯದವನಿಗೆ ಪ್ರಮಾದ ಎರಡು ಪಟ್ಟು. ಬೇಡದ ಮಾತನ್ನು ಆಡಿದ, ಬೇಕಾದ ಕಾರ್ಯವನ್ನು ಬಿಟ್ಟ.

ಈ ವಿಷಯದಲ್ಲಿ ಹಳ್ಳಿಗಳು ಪಟ್ಟಣಗಳಿಗಿಂತ ಮುಂದಿವೆ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಕಡೆ ಜೈನರು ವಿರಳ. ಆದರೆ ಹೊತ್ತಿನ ಬೆಲೆಯನ್ನು ಅಲ್ಲಿಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತು ಮೀರಿದರೆ ಹಾಲು ಉಳಿಯಿತು. ರೇಷ್ಮೆಹುಳು ಹಸಿದಾಗ ಸೊಪ್ಪು ಬೀಳದಿದ್ದರೆ ಬೆಳೆ ಕೆಟ್ಟಿತು. 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮತದಾನ ಶೇ 85ನ್ನು ದಾಟಿತ್ತು. ರಾಜ್ಯದ ಪ್ರಮಾಣ ಶೇ 73ರ ಆಸುಪಾಸಿನಲ್ಲಿತ್ತು. 2024ರ ಏಪ್ರಿಲ್ 26ರಂದು ಚಿಂತಾಮಣಿಯನ್ನು ಒಳಗೊಂಡ ಕೋಲಾರ ಲೋಕಸಭಾ ಕ್ಷೇತ್ರದಲ್ಲಿ ಸುಮಾರು ಶೇ 78ರಷ್ಟು ಮಂದಿ ಮತ ಹಾಕಿದರೆ, ಚಿಕ್ಕಪೇಟೆ ಜಯನಗರಗಳನ್ನು ಒಳಗೊಂಡ ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ಶೇ 53ರಷ್ಟು. ಅಂದು ಶುಕ್ರವಾರ, ಮುಂದೆ ಎರಡು ದಿನ ರಜೆ. ಭಗವಾನ್ ಮಹಾವೀರ ಜಯಂತಿಯ ಮೆರವಣಿಗೆ ಮುಗಿದು ಐದೇ ದಿನಗಳಾಗಿದ್ದವು. ಅಂಥ ರಜೆಯಲ್ಲಿ ಶ್ರವಣಬೆಳಗೊಳಕ್ಕೆ ಹೊರಡುವುದು ಪುಣ್ಯವೇ. ಆದರೆ ಬೆಟ್ಟದ ಮೇಲಿನ ಸ್ವಾಮಿ ಸಾವಿರ ವರ್ಷಗಳಿಂದ ಅಲ್ಲೇ ನಿಂತಿದ್ದಾನೆ, ಮತಗಟ್ಟೆಯ ಬಾಗಿಲು ಹನ್ನೊಂದು ಗಂಟೆಯ ಕಾಲ ಮಾತ್ರ ತೆರೆದಿರುತ್ತದೆ.

ಬೆಳಗ್ಗೆಯೇ ಮತ ಹಾಕಲು ಶ್ರಾವಕನಿಗೆ ಬೇರೊಂದು ಕಾರಣವೂ ಉಂಟು. ರಾತ್ರಿಭೋಜನ ತ್ಯಾಗದ ನಿಯಮ ಹಿಡಿದವರು ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮುಂಚೆಯೇ ಊಟ ಮುಗಿಸುವುದು ಉತ್ತಮವೆನ್ನುತ್ತಾರೆ. ಏಪ್ರಿಲ್ ಕೊನೆಯಲ್ಲಿ ಈ ಸೀಮೆಯಲ್ಲಿ ಸೂರ್ಯ ಮುಳುಗುವುದು ಆರೂವರೆಯ ಸುಮಾರಿಗೆ. ಮತದಾನ ಮುಗಿಯುವುದು ಆರಕ್ಕೆ. ಆ ಹೊತ್ತಿಗೆ ಸರತಿಯಲ್ಲಿ ನಿಂತವರಿಗೆ ಚೀಟಿ ಕೊಟ್ಟು, ಎಷ್ಟು ಹೊತ್ತಾದರೂ ಮತ ಹಾಕಿಸುತ್ತಾರೆ. ಸಂಜೆಯ ಸರತಿಗೆ ಸೇರಿದ ಶ್ರಾವಕ ವ್ರತವನ್ನು ಉಳಿಸಿಕೊಳ್ಳಬೇಕೋ ಮತವನ್ನೋ ಎಂಬ ಇಕ್ಕಟ್ಟಿಗೆ ತಾನಾಗಿಯೇ ಸಿಲುಕುತ್ತಾನೆ. ಬೆಳಗ್ಗೆ ಏಳಕ್ಕೆ ಅಂಥ ತೊಡಕಿಲ್ಲ. ಜಿನದರ್ಶನ, ಸಾಮಾಯಿಕಗಳು ಮುಗಿದಿರುತ್ತವೆ, ಬಿಸಿಲು ಏರಿರುವುದಿಲ್ಲ.

ಇಷ್ಟೂ ಸ್ವಂತದ ಮಾತಾಯಿತು. ಇದಕ್ಕಿಂತ ಗಂಭೀರವಾದ ಸಂಗತಿ ಬೇರೆಯಿದೆ. ವ್ಯಾಪಾರ ಹಿಡಿದ ಜೈನ ಗೃಹಸ್ಥನೊಬ್ಬನ ಬದುಕನ್ನು ನಾಲ್ಕಾರು ಮಂದಿ ನಡೆಸಿಕೊಡುತ್ತಿರುತ್ತಾರೆ: ಅಂಗಡಿಯ ಹುಡುಗರು, ಮೂಟೆ ಹೊರುವವರು, ಕಾರಿನ ಚಾಲಕ, ಅಡುಗೆಯಾಕೆ. ಯಜಮಾನ ಸಾವಕಾಶವಾಗಿ ಹೊರಟರೆ ಅವರೆಲ್ಲರ ಹೊತ್ತೂ ಅವನ ಹೊತ್ತಿಗೆ ಕಟ್ಟುಬಿದ್ದಿರುತ್ತದೆ.

2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣ ಅವರೆದುರು ಸೋತದ್ದು ಒಂದೇ ಒಂದು ಮತದಿಂದ. 40,752 ಮತಗಳ ಎದುರು 40,751. ಆ ದಿನ ಅಭ್ಯರ್ಥಿಯ ಚಾಲಕನಿಗೇ ಮತ ಹಾಕಲು ಬಿಡುವು ಸಿಗಲಿಲ್ಲವೆಂಬ ಮಾತು ಆಗಿನಿಂದಲೂ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಸಾಮಾನ್ಯವಾಗಿ ಇದನ್ನು ಒಂದು ಮತದ ಮಹಿಮೆಗೆ ಉದಾಹರಣೆಯಾಗಿ ಹೇಳುವುದುಂಟು. ಆದರೆ ಸೋಲುಗೆಲುವನ್ನು ಬದಿಗಿಟ್ಟು ಆ ಚಾಲಕನ ಸ್ಥಾನದಿಂದ ನೋಡಿದರೆ ಕಾಣುವುದೇ ಬೇರೆ. ಅಂತರ ಒಂದು ಮತವಾಗಿರಲಿ, ಒಂದು ಲಕ್ಷವಾಗಿರಲಿ, ಇನ್ನೊಬ್ಬರ ಕೆಲಸದ ನಡುವೆ ಅವನ ಹಕ್ಕು ಕಳೆದುಹೋಯಿತು. ಅಂತರ ಒಂದಾಗಿದ್ದುದರಿಂದ ಅವನ ಸುದ್ದಿ ಹೊರಬಂತು, ಅಷ್ಟೇ. ಉಳಿದ ಕ್ಷೇತ್ರಗಳಲ್ಲಿ ಹೀಗೆ ಮತಗಟ್ಟೆ ಕಾಣದ ಚಾಲಕರ ಸುದ್ದಿ ಯಾರಿಗೂ ತಿಳಿಯುವುದಿಲ್ಲ.

ಜೈನಧರ್ಮ ಇದನ್ನು ಹಗುರವಾಗಿ ಕಾಣದು. ಎಂಟು ಕರ್ಮಗಳಲ್ಲಿ ಕೊನೆಯದು ಅಂತರಾಯ. ಬೇರೆಯವರ ದಾನ, ಲಾಭ, ಭೋಗ, ಉಪಭೋಗ, ವೀರ್ಯಗಳಿಗೆ ಅಡ್ಡಬಂದವನು ಆ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಕೃತ, ಕಾರಿತ, ಅನುಮತವೆಂದು ಕಾರ್ಯವನ್ನು ಮೂರು ಬಗೆಯಲ್ಲಿ ನೋಡುವ ಧರ್ಮಕ್ಕೆ, ‘ಹೋಗಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲವಲ್ಲ’ ಎಂಬ ಸಮಜಾಯಿಷಿ ಸಾಕಾಗುವುದಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಯಾದ ಭಾರ ಹೊರಿಸುವುದೂ ಒಂದು. ಬೆಳಗಿನಿಂದ ಸಂಜೆಯವರೆಗೆ ಆಳನ್ನು ಬಿಡದೆ ದುಡಿಸುವುದು ಅದರಿಂದ ಬಹಳ ದೂರದ್ದಲ್ಲ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಜನಪ್ರತಿನಿಧಿ ಕಾಯ್ದೆಯ 135ಬಿ ಕಲಮಿನಂತೆ ವ್ಯಾಪಾರ, ಕೈಗಾರಿಕೆ ಮುಂತಾದ ಸಂಸ್ಥೆಗಳ ನೌಕರರಿಗೆ, ದಿನಗೂಲಿಯವರಿಗೂ ಸೇರಿ, ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕು. ತಪ್ಪಿದರೆ ದಂಡ ಹೆಚ್ಚೆಂದರೆ ಐನೂರು ರೂಪಾಯಿ. ಮನೆಯ ಅಡುಗೆಯಾಕೆಯವರೆಗೆ ಕಾನೂನಿನ ಕಣ್ಣು ಅಷ್ಟಾಗಿ ತಲುಪುವುದೂ ಇಲ್ಲ. ಕರ್ಮದ ಲೆಕ್ಕದಲ್ಲಿ ಅಂಥ ರಿಯಾಯಿತಿಗಳಿಲ್ಲ.

ಮತ ಹಾಕುವುದು ರಾಗದ್ವೇಷಕ್ಕೆ ದಾರಿಯಲ್ಲವೇ, ಅದರಿಂದ ದೂರವಿರುವುದೇ ಲೇಸಲ್ಲವೇ ಎಂದು ಕೇಳುವ ಸಾತ್ವಿಕರಿದ್ದಾರೆ. ಮಹಾವ್ರತಿಗಳಾದ ಮುನಿಗಳ ಮಾತು ಬೇರೆ. ಅಂಗಡಿ, ಹೊಲ, ಮನೆಗಳನ್ನು ಇಟ್ಟುಕೊಂಡು, ರಾಜ್ಯದ ರಸ್ತೆ, ನೀರು, ರಕ್ಷಣೆಗಳನ್ನು ಅನುಭವಿಸುವ ಶ್ರಾವಕ ಆ ಒಂದು ದಿನ ಮಾತ್ರ ವಿರಾಗಿಯಾಗುವುದು ಹೊಂದದ ಮಾತು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದವನು; ರಾಜ್ಯಭಾರದ ಹೊಣೆ ಅವನ ಧರ್ಮಕ್ಕೆ ಅಡ್ಡಿಯಾಗಲಿಲ್ಲ. ಮತ ಯಾರಿಗೆಂಬುದು ಅವರವರ ವಿವೇಕಕ್ಕೆ ಬಿಟ್ಟದ್ದು. ಅದಕ್ಕೆ ಹಣ ಪಡೆಯುವುದು ಯಾವ ಶ್ರಾವಕನಿಗೂ ಸಲ್ಲದು.

ಮನೆಯ ಹಿರಿಯರ ಪಾಲಿಗೆ ‘ಬೇಗ’ ಎಂಬುದು ಮತದಾನದ ದಿನಕ್ಕಿಂತ ಬಹಳ ಹಿಂದೆಯೇ ಬರುತ್ತದೆ. 2023ರಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೂ, ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ದೊರೆಯಿತು. 2024ರ ಲೋಕಸಭಾ ಚುನಾವಣೆಯ ವೇಳೆಗೆ ಆ ವಯಸ್ಸನ್ನು 85ಕ್ಕೆ ಏರಿಸಲಾಯಿತು. ಇದಕ್ಕೆ ನಮೂನೆ 12ಡಿಯನ್ನು ಚುನಾವಣಾ ಅಧಿಸೂಚನೆ ಹೊರಟ ಐದು ದಿನಗಳೊಳಗೆ ಸಲ್ಲಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರು ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಎಚ್ಚೆತ್ತರೆ ಆ ಚುನಾವಣೆಗೆ ಸೇರಲಾರರು. ಬಸದಿಯ ನೋಟೀಸು ಹಲಗೆಯ ಮೇಲೆ ಅಷ್ಟಮಿ ಚತುರ್ದಶಿಗಳ ಜೊತೆಗೆ ಈ ದಿನಾಂಕಗಳನ್ನೂ ಬರೆದಿಟ್ಟರೆ ತಪ್ಪೇನಿಲ್ಲ.

ಅಂಗಡಿಯ ಹುಡುಗನ ವಿಷಯದಲ್ಲೂ ಅಷ್ಟೇ. ಬೆಂಗಳೂರಿನ ಪೇಟೆಯಲ್ಲಿ ದುಡಿಯುವವನ ಹೆಸರು ಬೆಂಗಳೂರಿನ ಪಟ್ಟಿಯಲ್ಲೇ ಇರಬೇಕೆಂದಿಲ್ಲ. ಅದು ಕೆಂಚಾರ್ಲಹಳ್ಳಿಯದರಲ್ಲಿದ್ದರೆ ಅವನು ಚಿಂತಾಮಣಿ ತಲುಪಿ, ಅಲ್ಲಿಂದ ಊರಿನ ದಾರಿ ಹಿಡಿಯಬೇಕು. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಸಿ, ಹತ್ತು ಗಂಟೆಗೆ ‘ಇನ್ನು ಹೊರಡು’ ಎಂದರೆ ಅದು ರಜೆ ಕೊಟ್ಟಂತಲ್ಲ. ಅವನ ಊರು ಯಾವುದೆಂದು ಮುಂಚೆಯೇ ಕೇಳಿ ತಿಳಿದು, ಹಿಂದಿನ ದಿನ ಸಂಜೆಯ ಬಸ್ಸಿಗೆ ಸಿಗುವಂತೆ, ಎರಡು ದಿನದ ಕೂಲಿ ಕೈಗಿತ್ತು ಕಳುಹಿಸಬೇಕು.