ಪುಸ್ತಕ ಕೊಟ್ಟರು, ಓದಲು ಹೊತ್ತು ಕೊಡಲಿಲ್ಲ

ಅಮೆರಿಕ ಅಂದಕೂಡಲೇ ನಮ್ಮ ಹುಡುಗರ ಕಣ್ಣ ಮುಂದೆ ಬರುವುದು ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು. ನಡುಗಾತ್ರದ ಊರುಗಳನ್ನು ಕೇಳುವವರೇ ಇಲ್ಲ. ಪಿಟ್ಸ್‌ಬರ್ಗ್ ಹೆಸರು ಕೇಳಿದ್ದರೂ ಎರಡೇ ಕಾರಣಕ್ಕೆ: ಒಂದು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸೀಟು, ಎರಡು, ಊರ ಹೊರಗಿನ ಗುಡ್ಡದಲ್ಲಿ 1970ರ ದಶಕದಲ್ಲಿ ಹೋಗಿ ನೆಲೆಸಿದ ತಿಮ್ಮಪ್ಪ. ಸೀಟಿಗೊಂದು ಅರ್ಜಿ, ತಿಮ್ಮಪ್ಪನಿಗೊಂದು ಹರಕೆ, ಅಲ್ಲಿಗೆ ನಮ್ಮ ಭೂಗೋಳ ಮುಗಿಯಿತು! ಆದರೆ ಮುಂಬಯಿಯಲ್ಲಿ ಬೆಳೆದ ನಮಗೆ ಬಹಳ ಸುಲಭವಾಗಿ ಅರ್ಥವಾಗಬೇಕಾದ ಊರು ಅದು ಅಂತ ನನ್ನ ವಾದ.

ಅಲೆಘೆನಿ ಮತ್ತು ಮೊನೊಂಗಹೀಲಾ ಎಂಬ ಎರಡು ನದಿಗಳು ಕೂಡಿ ಒಹಾಯೊ ನದಿಯಾಗುವ ಸಂಗಮದಲ್ಲಿ ಪಿಟ್ಸ್‌ಬರ್ಗ್ ಇದೆ. ಸುತ್ತ ಗುಡ್ಡ, ಗುಡ್ಡದೊಳಗೆ ಕಲ್ಲಿದ್ದಲು, ಸರಕು ಸಾಗಿಸಲು ನೀರು. ಉಕ್ಕಿಗೆ ಇನ್ನೇನು ಬೇಕು? ಕುಲುಮೆಗಳ ಹೊಗೆಗೆ 1940ರ ದಶಕದಲ್ಲಿ ಕೆಲವು ದಿನ ನಡುಹಗಲಲ್ಲೇ ಬೀದಿದೀಪ ಹಚ್ಚಬೇಕಾಗುತ್ತಿತ್ತು. ಆ ಉಕ್ಕಿನಿಂದ ಲೋಕದ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದವನು ಆಂಡ್ರ್ಯೂ ಕಾರ್ನೆಗಿ. ಸ್ಕಾಟ್ಲೆಂಡಿನ ಬಡ ನೇಕಾರನ ಮಗ. ಲೋಕದ ತುಂಬ ಸುಮಾರು 2,500 ಗ್ರಂಥಾಲಯಗಳಿಗೆ ಹಣ ಕೊಟ್ಟ ದಾನಶೂರ. ನಮ್ಮ ಪಠ್ಯಪುಸ್ತಕಗಳಿಗೆ ಬೇಕಾದ್ದು ಇಷ್ಟೇ.

ಉಳಿದ ಅರ್ಧ ಕತೆ ಪಕ್ಕದ ಹೋಂಸ್ಟೆಡ್‌ನಲ್ಲಿದೆ. 1892ರಲ್ಲಿ ಅಲ್ಲಿನ ಅವನ ಕಾರ್ಖಾನೆಯಲ್ಲಿ ಕೂಲಿ ಇಳಿಸಹೊರಟಾಗ ಕಾರ್ಮಿಕರು ಒಪ್ಪಲಿಲ್ಲ. ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದ. ವ್ಯವಸ್ಥಾಪಕ ಫ್ರಿಕ್ ಗೇಟಿಗೆ ಬೀಗ ಜಡಿದು, ಬಾಡಿಗೆಯ ಬಂದೂಕಿನವರು ಸುಮಾರು 300 ಮಂದಿಯನ್ನು ದೋಣಿಗಳಲ್ಲಿ ಕರೆಸಿದ. ಎರಡೂ ಕಡೆ ಹೆಣ ಬಿದ್ದವು. ಸಂಘಟನೆ ಮುರಿಯಿತು. ಆರು ವರ್ಷದ ಮೇಲೆ, 1898ರಲ್ಲಿ, ಅದೇ ಹೋಂಸ್ಟೆಡ್‌ಗೆ ಕಾರ್ನೆಗಿಯ ಗ್ರಂಥಾಲಯ ಬಂತು. ದಿನಕ್ಕೆ ಹನ್ನೆರಡು ಗಂಟೆ ಬೆಂಕಿಯ ಮುಂದೆ ನಿಂತು ಬಂದವನು ಯಾವ ಹೊತ್ತಿನಲ್ಲಿ ಓದಬೇಕು ಸ್ವಾಮಿ? ಆ ಉಕ್ಕಿನ ದೊಡ್ಡ ಕಂಪನಿ ಎಂಟು ಗಂಟೆಯ ಪಾಳಿಗೆ ಒಪ್ಪಿದ್ದು 1923ರಲ್ಲಿ!

ದಾನ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಗ್ರಂಥಾಲಯಗಳಲ್ಲಿ ಓದಿ ಮುಂದೆ ಬಂದವರೂ ಇದ್ದಾರೆ. ಆದರೆ ಕೂಲಿ ಕಡಿಮೆ ಮಾಡಿ ಉಳಿಸಿದ ದುಡ್ಡನ್ನು ಅದೇ ಕೂಲಿಯವನಿಗೆ ಕಟ್ಟಡವಾಗಿ ಕೊಟ್ಟರೆ ಅದು ದಾನವೋ, ಬಾಕಿಯ ಸಂದಾಯವೋ? ಕೇಳಬೇಕಾದ ಪ್ರಶ್ನೆ.

ಇನ್ನು ಮುಂದಿನದು ನಮಗೆ ಗೊತ್ತಿದ್ದದ್ದೇ. 1980ರ ದಶಕದಲ್ಲಿ ಕುಲುಮೆಗಳು ಆರಿದವು. ಹೋಂಸ್ಟೆಡ್ ಕಾರ್ಖಾನೆ ಮುಚ್ಚಿದ್ದು 1986ರಲ್ಲಿ. ಆ ಜಾಗದಲ್ಲಿ ಈಗ ಅಂಗಡಿ ಸಾಲು, ಸಿನೆಮಾ ಮಂದಿರ. ನಡುವೆ ನೆನಪಿಗೆ ಅಂತ ಉಳಿಸಿದ ಹನ್ನೆರಡು ಚಿಮಣಿ. ಲೋವರ್ ಪರೇಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ? 1982ರ ಜನವರಿಯಲ್ಲಿ ಇಲ್ಲಿ ಗಿರಣಿ ಮುಷ್ಕರಕ್ಕೆ ಇಳಿದವರು ಸುಮಾರು ಎರಡೂವರೆ ಲಕ್ಷ ಜನ. ಅವರ ಗಿರಣಿಗಳ ಜಾಗದಲ್ಲಿ ನಾವು ಕಾಫಿ ಕುಡಿಯುತ್ತೇವೆ.

ಪಿಟ್ಸ್‌ಬರ್ಗ್ ಮತ್ತೆ ಎದ್ದು ನಿಂತಿತು, ಆಸ್ಪತ್ರೆ, ವಿದ್ಯೆ, ರೋಬೋಟುಗಳಿಂದ ಬದುಕುತ್ತಿದೆ ಅಂತ ಈಗ ಎಲ್ಲರೂ ಹೊಗಳುತ್ತಾರೆ. ನಿಜವೇ. ಸಾಲ್ಕ್ ಪೋಲಿಯೋ ಲಸಿಕೆ ಕಂಡುಹಿಡಿದದ್ದು ಅಲ್ಲಿನ ವಿಶ್ವವಿದ್ಯಾಲಯದಲ್ಲೇ. 1955ರಲ್ಲಿ ಅದು ಜಗತ್ತಿಗೆ ಸಿಕ್ಕಿತು. ಆದರೆ ಊರು ಎದ್ದಿತು ಅನ್ನುವಾಗ ಯಾರು ಎದ್ದರು ಅಂತಲೂ ಕೇಳಿ. 1950ರಲ್ಲಿ 6,76,806 ಇದ್ದ ಜನಸಂಖ್ಯೆ 2020ರಲ್ಲಿ 3,02,971. ಊರು ಉಳಿಯಿತು, ಅರ್ಧಕ್ಕಿಂತ ಹೆಚ್ಚು ಜನದ ಲೆಕ್ಕವೇ ಕರಗಿತು. 1950ರ ದಶಕದಲ್ಲಿ ಕ್ರೀಡಾಂಗಣದ ನೆಪದಲ್ಲಿ ಹಿಲ್ ಡಿಸ್ಟ್ರಿಕ್ಟ್ ಎಂಬ ಕರಿಯರ ಕೇರಿಯ ಕೆಳಭಾಗವನ್ನು ಕೆಡವಿದಾಗ ಸುಮಾರು 8,000 ಮಂದಿ ಮನೆ ಕಳೆದುಕೊಂಡರು. ಆ ಕೇರಿಯಲ್ಲಿ ಹುಟ್ಟಿದ ನಾಟಕಕಾರ ಆಗಸ್ಟ್ ವಿಲ್ಸನ್ ತನ್ನ ಹತ್ತು ನಾಟಕಗಳ ಸರಣಿಯಲ್ಲಿ ಒಂಬತ್ತನ್ನು ಅಲ್ಲೇ ನಡೆಸಿದ. ಕಟ್ಟಡ ಬಿದ್ದರೂ ಮಾತು ಉಳಿಯಿತು.

ಇಲ್ಲೇ ನಮಗೊಂದು ಕೆಲಸ ಕಾದಿದೆ. ಮುಂಬಯಿಯ ಕನ್ನಡಿಗರು ಗ್ರಂಥಾಲಯದ ಅರಮನೆಗಳನ್ನು ಕಟ್ಟಲಿಲ್ಲ, ರಾತ್ರಿ ಶಾಲೆ ಕಟ್ಟಿದರು. ಹಗಲು ಹೊಟೇಲಿನಲ್ಲಿ ಲೋಟ ತೊಳೆದ ಹುಡುಗ ಬಿಡುವಾದ ಹೊತ್ತಿಗೆ ಬಾಗಿಲು ತೆರೆಯುವ ಶಾಲೆ. ದುಡಿಯುವವನ ಗಡಿಯಾರ ನೋಡಿ ನಡೆದ ವಿದ್ಯೆ ಅದು. ಅವುಗಳಲ್ಲಿ ಅನೇಕವು ಮುಚ್ಚಿಹೋಗಿವೆ. ಅಲ್ಲಿ ಓದಿದವರು, ಕಲಿಸಿದವರು ಮುದುಕರಾಗುತ್ತಿದ್ದಾರೆ.

ನಮ್ಮ ಸಂಘ ವರ್ಷಕ್ಕೊಂದು ಭಾಷಣ ಸ್ಪರ್ಧೆ ಕಡಿಮೆ ಮಾಡಲಿ. ಆ ದಿನ ನಾಲ್ಕು ಜನ ಪರೇಲಿಗೆ, ನಾಲ್ಕು ಜನ ಕೋಟೆಗೆ ಹೋಗಿ ಅವರ ಮಾತು ಬರೆದುಕೊಂಡು ಬರಲಿ. ಪಿಟ್ಸ್‌ಬರ್ಗಿಗೆ ಹೋಗುವವರು ಖಂಡಿತ ಹೋಗಿ. ತಿಮ್ಮಪ್ಪನಿಗೆ ಕೈಮುಗಿದ ಮೇಲೆ ಬಸ್ಸು ಹಿಡಿದು ಹೋಂಸ್ಟೆಡ್‌ನ ಆ ಹನ್ನೆರಡು ಚಿಮಣಿಗಳನ್ನೂ ನೋಡಿ ಬನ್ನಿ.